ಬೆಣಚಿಹಾಳದಲ್ಲಿ ರೈಲು ನಿಲ್ಲಿಸಿದ ಮಲ್ಲಿಕಮ್ಮ

ಮಲ್ಲಿಕಮ್ಮ ಬೆಣಚಿಹಾಳಕ್ಕೆ ಸೊಸೆಯಾಗಿ ಬಂದಾಗ ಆ ಊರಿಗೂ ಯಾದಗಿರಿಗೂ ನಡುವೆ ಇದ್ದದ್ದು ಎರೆಹೊಲದ ಕಾಲುದಾರಿ ಒಂದೇ. ಊರು ಭೀಮಾ ಹೊಳೆಯ ದಂಡೆಯ ಮೇಲಿತ್ತು. ಗಂಡ ಮೌನಪ್ಪ ಕೋಳಿ ಕೂಗುವ ಹೊತ್ತಿಗೆ ಬಲೆ ಎತ್ತಿ ತಂದ ಮೀನನ್ನು ಬುಟ್ಟಿಗೆ ತುಂಬಿ, ಮೇಲೆ ಒದ್ದೆ ಹುಲ್ಲು ಮುಚ್ಚಿ, ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಬುಟ್ಟಿ ಹೊತ್ತು ಆಕೆ ನಡೆಯಬೇಕು. ಯಾದಗಿರಿ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು, ಮೀನಿನ ಕಿವಿರು ಕಪ್ಪಾಗಿರುತ್ತಿತ್ತು. ಕೊಳ್ಳುವವರು ಮೂಗು ಮುರಿದು ಅರ್ಧ ಬೆಲೆಗೆ ಕೇಳುತ್ತಿದ್ದರು. ಮಳೆಗಾಲದಲ್ಲಂತೂ ಆ ಹಾದಿಯೂ ಇಲ್ಲ. ಎರೆಮಣ್ಣು ಮೊಣಕಾಲಿನ ತನಕ ಹಿಡಿದೆಳೆಯುತ್ತಿತ್ತು. ಹೊಳೆಯಲ್ಲಿ ಮೀನು ಹೆಚ್ಚು ಸಿಗುವ ದಿನಗಳಲ್ಲೇ ಮಾರಲು ದಾರಿಯಿಲ್ಲದೆ, ತಿಂದು ಮಿಕ್ಕಿದ್ದನ್ನು ಹೊಳೆಗೇ ಚೆಲ್ಲಿದ್ದೂ ಉಂಟು.

ಆಕೆಯ ಮಗಳು ಹಣಮಂತಮ್ಮ ತೊಟ್ಟಿಲಲ್ಲಿದ್ದಾಗ ಊರ ಹೊಲಗಳಲ್ಲಿ ಸುಣ್ಣ ಬಳಿದ ಗೂಟಗಳು ಕಂಡವು. ಯಾದಗಿರಿ ಠೇಸಣದಿಂದ ಹೊಳೆಯ ಗುಂಟ ತೆಂಕಲಿಗೆ ಒಂದು ಕವಲು ರೈಲು ಬರುತ್ತದಂತೆ, ಹುಲಿಗಡ್ಡಿಯ ಘಾಟಿನಲ್ಲಿ ನಿಲ್ಲುತ್ತದಂತೆ ಎಂಬ ಸುದ್ದಿ ಬಂತು. ಹುಲಿಗಡ್ಡಿಯ ಎದುರು ದಂಡೆಯಲ್ಲಿ ವಡಗೇರಾ ಸೀಮೆ, ಅದರಾಚೆ ಶಹಾಪುರ, ಸುರಪುರ, ಕೆಂಭಾವಿ. ಆ ಕಡೆಯ ಹತ್ತಿ, ಶೇಂಗಾ, ತೊಗರಿ ಎಲ್ಲ ಎತ್ತಿನ ಗಾಡಿಯಲ್ಲಿ ದಂಡೆಗೆ ಬಂದು, ಹರಗೋಲಿನಲ್ಲಿ ಹೊಳೆ ದಾಟಿ, ಇಲ್ಲಿ ರೈಲು ಹತ್ತಬೇಕು ಎಂಬುದು ಲೆಕ್ಕಾಚಾರ. ಮುಂದೆ ಹೊಳೆಗೆ ಸೇತುವೆಯಾದರೆ ರೈಲು ಸುರಪುರದ ತನಕ ಹೋಗುತ್ತದೆ ಎಂದೂ ಎಂಜಿನಿಯರರು ಹೇಳಿದ್ದರು. ಹೊಳೆಯ ನಡುವೆ ಎರಡು ಕಲ್ಲುಕಂಬ ಎದ್ದವು. ಮೂರನೆಯದು ಏಳಲಿಲ್ಲ.

ಹಳಿ ಹಾಕಲು ಎರೆಹೊಲಗಳ ನಡುವೆ ಮಣ್ಣಿನ ಏರಿ ಹಾಕಬೇಕಾಯಿತು. ರಾಮಸಮುದ್ರದ ಕಡೆಯಿಂದ ಬಂದ ಕೂಲಿಯವರ ಜೊತೆ ಮಲ್ಲಿಕಮ್ಮನೂ ಒಂದು ಬೇಸಿಗೆಯೆಲ್ಲ ಮಣ್ಣು ಹೊತ್ತಳು. ಬೆಣಚಿಹಾಳದ ಮುಂದಿನ ಏರಿ ತನ್ನ ತಲೆಯ ಮೇಲಿಂದಲೇ ಎದ್ದದ್ದು ಎಂದು ಆಕೆ ನಗುತ್ತಾ ಹೇಳುತ್ತಿದ್ದಳು. ತಮ್ಮ ಊರ ಮುಂದೆಯೇ ಹಾಯುವ ರೈಲು ತಮ್ಮ ಊರಿನಲ್ಲಿ ನಿಲ್ಲದೆ ಇರುತ್ತದೆಯೇ ಎಂದು ಯಾರಿಗೂ ಅನುಮಾನ ಬಂದಿರಲಿಲ್ಲ. ಮೊದಲ ರೈಲು ಬಂದ ದಿನ ಊರೇ ಏರಿಯ ಪಕ್ಕ ನಿಂತಿತ್ತು. ಹೆಣ್ಣುಮಕ್ಕಳು ಹೊಸ ಕುಪ್ಪಸ ತೊಟ್ಟಿದ್ದರು. ರೈಲು ಕೂಗುತ್ತಾ ಬಂತು, ಕೂಗುತ್ತಾ ಹೋಯಿತು. ಠೇಸಣಗಳು ಇದ್ದದ್ದು ಮೂರು ಕಡೆ, ಮಡ್ಡಿಬೇವು, ಕರೇಕಟ್ಟಿ, ಹುಲಿಗಡ್ಡಿ. ಬೆಣಚಿಹಾಳ ಯಾರ ಲೆಕ್ಕದಲ್ಲೂ ಇರಲಿಲ್ಲ.

ಉಳಿದವರು ಮನೆಗೆ ಹೋಗಿ ಹೊಸ ಕುಪ್ಪಸ ಮಡಚಿಟ್ಟರು. ಮಲ್ಲಿಕಮ್ಮ ಮಾರನೆಯ ದಿನವೇ ಕರೇಕಟ್ಟಿಗೆ ನಡೆದು ಹೋಗಿ ಠೇಸಣ ಮಾಸ್ತರನನ್ನು ಕಂಡಳು. ಅವನು ಕೆಟ್ಟವನಲ್ಲ. ಆಕೆ ಹೇಳಿದ್ದನ್ನು ನಿಜಾಮರ ಕಚೇರಿಗಳ ಮಾತಾದ ಉರ್ದುವಿನಲ್ಲಿ ಬರೆದು ಮೇಲಿನವರಿಗೆ ಕಳಿಸಿದ. ಅಷ್ಟು ಸಣ್ಣ ಊರಿಗೆ ಠೇಸಣ ಕೊಡಲಾಗದು ಎಂದು ಉತ್ತರ ಬಂತು. ಕರೇಕಟ್ಟಿಗೆ ನಡೆದು ಬಂದು ಹತ್ತಬಹುದಲ್ಲ ಎಂದು ಮಾಸ್ತರನೂ ಹೇಳಿ ನೋಡಿದ. ಆದರೆ ಕರೇಕಟ್ಟಿಗೂ ಬೆಣಚಿಹಾಳಕ್ಕೂ ನಡುವೆ ದೊಡ್ಡ ಹಳ್ಳ. ಅದರ ಮೇಲೆ ರೈಲಿಗೆ ಕಬ್ಬಿಣದ ತೊಲೆಗಳಿದ್ದವು, ಮನುಷ್ಯರಿಗೆ ಏನೂ ಇರಲಿಲ್ಲ. ಬುಟ್ಟಿ ಹೊತ್ತು ಸುತ್ತಿ ಬರುವುದಕ್ಕೂ ಯಾದಗಿರಿಗೆ ನಡೆಯುವುದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ.

ಹಳ್ಳದ ಕಡೆಗೆ ಬೆಣಚಿಹಾಳದ ಏರಿ ಸ್ವಲ್ಪ ಎತ್ತರವಾಗುತ್ತಿತ್ತು. ಹುಲಿಗಡ್ಡಿಯಿಂದ ಹತ್ತಿ ಹೇರಿಕೊಂಡು ಬರುವ ಬೆಳಗಿನ ರೈಲು ಅಲ್ಲಿ ಏದುಸಿರು ಬಿಡುತ್ತಾ ನಿಧಾನವಾಗುವುದನ್ನು ಮಲ್ಲಿಕಮ್ಮ ಗಮನಿಸಿದಳು. ಒಂದು ದಿನ ಬುಟ್ಟಿ ಹೊತ್ತು ರೈಲಿನ ಪಕ್ಕದಲ್ಲಿ ಓಡಿದಳು. ಮೊದಲು ಬುಟ್ಟಿಯನ್ನು ಬಾಗಿಲೊಳಗೆ ಎಸೆದು, ಆಮೇಲೆ ಸರಳು ಹಿಡಿದು ತಾನೂ ಜಿಗಿದಳು. ಒಳಗಿದ್ದ ಹತ್ತಿ ವ್ಯಾಪಾರಿಗಳು ವಾಸನೆಗೆ ಮುಖ ತಿರುಗಿಸಿದರು. ಯಾದಗಿರಿಯಲ್ಲಿ ಇಳಿದಾಗ ಬಿಸಿಲು ಇನ್ನೂ ಎಳೆಯದಿತ್ತು, ಸೀಗಡಿ ಇನ್ನೂ ಮಿಸುಕಾಡುತ್ತಿತ್ತು. ಅವತ್ತು ಆಕೆಯ ಬುಟ್ಟಿ ಖಾಲಿಯಾದಷ್ಟು ಬೇಗ ಅದಕ್ಕೆ ಮುಂಚೆ ಎಂದೂ ಆಗಿರಲಿಲ್ಲ.

ಎಂಜಿನ್ನಿನ ಡ್ರೈವರ್ ಖಾಜಾಹುಸೇನ ಯಾದಗಿರಿಯವನು. ನರೆತ ಗಡ್ಡದ, ಮಾತು ಕಡಿಮೆಯ ಮನುಷ್ಯ. ಏರಿಯ ಮೇಲೆ ಓಡುವ ಹೆಂಗಸನ್ನು ಅವನು ಎರಡು ದಿನ ನೋಡಿದ. ಮೂರನೆಯ ದಿನ ಆಕೆಯ ಕಾಲು ಜಾರಿದ್ದನ್ನೂ ಸರಳು ಹಿಡಿದು ನೇತಾಡಿದ್ದನ್ನೂ ನೋಡಿದ. ಯಾದಗಿರಿಯಲ್ಲಿ ಎಂಜಿನ್ನಿನಿಂದ ಇಳಿದು ಬಂದು, ನಾಳೆಯಿಂದ ಓಡಬೇಡ ಎಂದಷ್ಟೇ ಹೇಳಿ ಹೋದ. ಬೈಗುಳ ಎಂದುಕೊಂಡಳು ಮಲ್ಲಿಕಮ್ಮ. ಆದರೆ ಮಾರನೆಯ ದಿನ ಏರು ಮುಗಿಯುವ ಕಡೆ, ಜಾಲಿಮರದ ಹತ್ತಿರ, ರೈಲು ನಿಂತೇಬಿಟ್ಟಿತು. ಆಕೆ ಹತ್ತಿದ ಮೇಲೆ ಹೊರಟಿತು.

ಆಮೇಲೆ ಬೆಣಚಿಹಾಳದ ಮೀನುಗಾರರ ಮನೆಯ ಹೆಂಗಸರೆಲ್ಲ ಜಾಲಿಮರದ ಕೆಳಗೆ ಸೇರತೊಡಗಿದರು. ಗಾರ್ಡ್ ಪರಮಣ್ಣ ಮೊದಲು ಗೊಣಗಿದ, ಆಮೇಲೆ ತಾನೇ ಬುಟ್ಟಿ ಎತ್ತಿಕೊಡತೊಡಗಿದ. ಟಿಕೆಟ್ ಇಲ್ಲದೆ ಯಾರೂ ಹತ್ತಬಾರದು ಎಂದು ಮಲ್ಲಿಕಮ್ಮ ಹಟ ಹಿಡಿದದ್ದರಿಂದ ಹುಲಿಗಡ್ಡಿಯಿಂದಲೇ ಹತ್ತಿದವರಂತೆ ಅವನು ಎಲ್ಲರಿಗೂ ಟಿಕೆಟ್ ಹರಿದು ಕೊಡುತ್ತಿದ್ದ. ಬಸುರಿಯರು ಆಸ್ಪತ್ರೆಗೆ ಹೋದರು, ಮುದುಕರು ಕಣ್ಣು ತೋರಿಸಿಕೊಂಡು ಬಂದರು. ಮೂರು ಮಳೆಗಾಲ ಹೀಗೆ ಕಳೆದವು.

ಒಂದು ಬೆಳಿಗ್ಗೆ ಹುಲಿಗಡ್ಡಿಯಿಂದ ಬರುವ ರೈಲಿನಲ್ಲಿ ತಪಾಸಣೆಯ ಸಾಹೇಬರೊಬ್ಬರು ಮುನ್ಸೂಚನೆ ಇಲ್ಲದೆ ಕುಳಿತಿದ್ದರು. ಠೇಸಣವೇ ಇಲ್ಲದ ಕಡೆ ರೈಲು ನಿಂತಿತು. ಮೀನಿನ ಬುಟ್ಟಿಗಳು ಹತ್ತಿದವು. ಸಾಹೇಬರು ಕಿಟಕಿಯಿಂದ ಎಲ್ಲವನ್ನೂ ನೋಡಿದರು. ಎರಡು ದಿನ ಬಿಟ್ಟು ಖಾಜಾಹುಸೇನನಿಗೆ ವಿಚಾರಣೆಗೆ ಬರಲು ಕರೆ ಬಂತು.

ಈ ಸಂಗತಿಯನ್ನು ಮಲ್ಲಿಕಮ್ಮನಿಗೆ ಹೇಳಿದವನು ಪರಮಣ್ಣ. ಖಾಜಾಹುಸೇನ ಸುಳ್ಳು ಹೇಳುವವನಲ್ಲ, ತಾನೇ ನಿಲ್ಲಿಸಿದೆ ಎಂದು ಒಪ್ಪಿಕೊಳ್ಳುತ್ತಾನೆ, ಅಲ್ಲಿಗೆ ಅವನ ನೌಕರಿ ಮುಗಿಯುತ್ತದೆ ಎಂದು ಅವನು ಕಣ್ಣೊರೆಸಿಕೊಂಡ. ತನ್ನ ನೌಕರಿಯ ಭಯವೂ ಅವನಿಗಿತ್ತು. ಕಾಯಿದೆ ಪ್ರಕಾರ ರೈಲು ಯಾವಾಗ ಯಾವಾಗ ನಿಲ್ಲಬೇಕು ಎಂದು ಮಲ್ಲಿಕಮ್ಮ ಅವನನ್ನು ಕೇಳಿದಳು. ಅವನು ಹೇಳುತ್ತಾ ಹೋದ. ಠೇಸಣದಲ್ಲಿ, ಸಿಗ್ನಲ್ಲಿನ ಕೈಕಂಬ ಇಳಿಯದಿದ್ದಾಗ, ಹಳಿಯ ಮೇಲೆ ದನ ಬಂದಾಗ, ಯಾರಾದರೂ ಕೆಂಪು ತೋರಿಸಿದಾಗ. ಆಕೆ ಅಷ್ಟಕ್ಕೇ ಸಾಕು ಎಂದಳು.

ಮನೆಯಲ್ಲಿ ಗಂಡನಿಗೆ ವಿಷಯ ತಿಳಿಸಿದಾಗ ಮೌನಪ್ಪ ಬಲೆ ಹೆಣೆಯುತ್ತಿದ್ದ ಕೈ ನಿಲ್ಲಿಸಿದ. ಸರಕಾರದ ಮುಂದೆ ಹೋಗಿ ತಪ್ಪು ಒಪ್ಪಿಕೊಂಡರೆ ಠಾಣೆಗೆ ಹಾಕುತ್ತಾರೆ, ಹೆಣ್ಣಿನ ಮಾನ ಹೋಗುತ್ತದೆ, ಕುಲದವರು ಏನನ್ನುತ್ತಾರೆ ಎಂದು ಬಹಳ ಹೊತ್ತು ವಾದಿಸಿದ. ಮಲ್ಲಿಕಮ್ಮನಿಗೂ ಆ ಭಯ ಇಲ್ಲದಿರಲಿಲ್ಲ. ಆದರೂ ಆಕೆ ಒಂದೇ ಮಾತು ಹೇಳಿದಳು.

“ಆತ ನಿಲ್ಲಿಸಿದ್ದು ನಾ ಬಿದ್ದು ಸಾಯಬಾರದಂತ. ಈಗ ನಾ ಮನ್ಯಾಗ ಕುಂತ್ರ, ನಾಳಿ ಆ ಮೀನು ನನಗ ಮಾರಾಕ ಮನಸ ಹೆಂಗ ಬರ್ತದ ಹೇಳು.”

ಮೌನಪ್ಪ ಮತ್ತೆ ಬಲೆಗೆ ಕೈ ಹಾಕಿದ. ಬೆಳಿಗ್ಗೆ ಆಕೆಯ ಜೊತೆ ಹಳ್ಳದ ತನಕ ನಡೆದು ಬಂದ.

ವಿಚಾರಣೆ ನಡೆದದ್ದು ಯಾದಗಿರಿ ಠೇಸಣದ ಒಳಕೋಣೆಯಲ್ಲಿ. ಸಾಹೇಬರು ಮೇಜಿನ ಹಿಂದೆ ಕುಳಿತಿದ್ದರು, ಪಕ್ಕದಲ್ಲಿ ಕನ್ನಡ ಬಲ್ಲ ಗುಮಾಸ್ತ. ಖಾಜಾಹುಸೇನ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನು ಬಾಯಿ ತೆರೆಯುವ ಮೊದಲೇ ಮಲ್ಲಿಕಮ್ಮ ಬಾಗಿಲ ಜವಾನನನ್ನು ದಾಟಿ ಒಳಗೆ ಬಂದು ನಿಂತಳು. ಯಾರು, ಏಕೆ ಬಂದೆ ಎಂದು ಗುಮಾಸ್ತ ಗದರಿದ. ಆಕೆ ಕಂಕುಳಲ್ಲಿದ್ದ ಸಿಂಬಿಯನ್ನು ತೆಗೆದು ಬಿಚ್ಚಿ ಮೇಜಿನ ಮೇಲೆ ಹರಡಿದಳು. ಹಳೆಯ ಸೀರೆಯ ಕೆಂಪು ತುಂಡು. ಮೀನಿನ ಪೊರೆ ಅಲ್ಲಲ್ಲಿ ಅಂಟಿತ್ತು.

“ರೈಲ ನಿಲ್ಲಿಸಿದಾಕಿ ನಾನ್ರೀ. ಈ ಅರಿವಿ ತೋರ್ಸಿ ನಿಲ್ಲಿಸೀನಿ.”

ಖಾಜಾಹುಸೇನ ಬೆಚ್ಚಿ ಅತ್ತ ತಿರುಗಿದ. ಅದು ನಿಜವಲ್ಲ ಎನ್ನಲು ಹೊರಟ. ಮಲ್ಲಿಕಮ್ಮ ಅವನ ಕಡೆ ನೋಡದೆ ಕೈ ಅಡ್ಡ ಹಿಡಿದಳು.

ಒಂದೇ ದಿನವೇ ಎಂದು ಸಾಹೇಬರು ಗುಮಾಸ್ತನ ಮೂಲಕ ಕೇಳಿಸಿದರು. ಮೂರು ವರ್ಷದಿಂದ ದಿನಾಲೂ ಎಂದಳು. ಮೂರು ವರ್ಷ ದಿನಾಲೂ ನೀನು ಕೆಂಪು ಬಟ್ಟೆ ತೋರಿಸಿದೆ, ಈ ಡ್ರೈವರ್ ದಿನಾಲೂ ಮೋಸ ಹೋದ, ಅದನ್ನು ನಾನು ನಂಬಬೇಕು, ಅಲ್ಲವೇ ಎಂದು ಸಾಹೇಬರು ಈ ಸಲ ಗುಮಾಸ್ತನಿಗೆ ಬಿಡದೆ ತಾವೇ ದಖ್ಖನಿ ಮಾತಿನಲ್ಲಿ ಕೇಳಿದರು.

“ಮೋಸ ಹೋದನೋ ಇಲ್ಲೋ ನಂಗ ಗೊತ್ತಿಲ್ರಿ. ಕೆಂಪು ಕಂಡ್ರ ನಿಲ್ಲಿಸಬೇಕಂತ ನಿಮ್ಮ ಕಾಯ್ದಾ ಐತಂತ. ಆತ ಕಾಯ್ದಾ ನಡಿಸ್ಯಾನ. ತಪ್ಪು ಮಾಡಿದಾಕಿ ನಾನು, ನಂಗ ಏನ ಮಾಡ್ತೀರಿ ಮಾಡ್ರಿ.”

ಸಾಹೇಬರಿಗೆ ಅದು ಸುಳ್ಳೆಂದು ಗೊತ್ತಿತ್ತು, ಕಿಟಕಿಯಿಂದ ಅವರೇ ನೋಡಿದ್ದರಲ್ಲ. ಬಹಳ ಹೊತ್ತು ಆ ಕೆಂಪು ತುಂಡನ್ನೇ ನೋಡುತ್ತಾ ಕುಳಿತರು. ಕೊನೆಗೆ ಆಕೆ ಹೇಳಿದ್ದನ್ನೇ ಬರೆದುಕೊಳ್ಳುವಂತೆ ಗುಮಾಸ್ತನಿಗೆ ಹೇಳಿದರು. ಆದರೆ ಹಾಗೆ ಬರೆದ ಮೇಲೆ ಆಕೆಯನ್ನು ಸುಮ್ಮನೆ ಬಿಡುವಂತಿರಲಿಲ್ಲ. ಕಾರಣವಿಲ್ಲದೆ ರೈಲು ನಿಲ್ಲಿಸಿದ ಅಪರಾಧಕ್ಕೆ ತಹಸೀಲ್ ಕಚೇರಿಯಲ್ಲಿ ಮಲ್ಲಿಕಮ್ಮನಿಗೆ ಸಜೆಯಾಯಿತು. ಅಮಾವಾಸ್ಯೆಯ ಹಿಂದುಮುಂದೆ ಒಳಗೆ ಹೋದವಳು ಹೊರಗೆ ಬಂದದ್ದು ಹುಣ್ಣಿಮೆ ಕಳೆದ ಮೇಲೆ.

ಆ ದಿನಗಳಲ್ಲಿ ಆಕೆಗೆ ಬುತ್ತಿ ತಂದವಳು ಖಾಜಾಹುಸೇನನ ಹೆಂಡತಿ ಮದೀನಾಬೀ. ತಮ್ಮ ಮನೆಯ ಅಡುಗೆಯನ್ನು ಈಕೆ ಮುಟ್ಟುತ್ತಾಳೋ ಇಲ್ಲವೋ ಎಂದು ಅಳುಕಿ ಮದೀನಾಬೀ ಮೊದಲು ಚುರುಮುರಿ, ಬೆಲ್ಲ, ಬಾಳೆಹಣ್ಣು ತಂದಳು. ನಾಲ್ಕಾರು ದಿನ ಇದೇ ನಡೆಯಿತು. ಆಮೇಲೆ ಮಲ್ಲಿಕಮ್ಮನೇ ಕೇಳಿದಳು, ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವುದಿಲ್ಲವೇ ಎಂದು. ಮಾರನೆಯ ದಿನ ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಂದವು. ಇಬ್ಬರೂ ಸರಳುಗಳ ಎರಡು ಬದಿಗೆ ಕುಳಿತು ಮಕ್ಕಳ ಸುದ್ದಿ, ಮೊಣಕಾಲು ನೋವಿನ ಸುದ್ದಿ ಮಾತಾಡುತ್ತಿದ್ದರು. ಊರಿಗೆ ಮರಳಿದ ಮೇಲೆ ಮಲ್ಲಿಕಮ್ಮ ಇದನ್ನು ಮುಚ್ಚಿಡಲಿಲ್ಲ. ಕುಲದ ಹಿರಿಯರು ಕೂತು ತಪ್ಪುದಂಡ ಹಾಕುವ ಮಾತೆತ್ತಿದಾಗ, ಊಟ ಕೊಟ್ಟವಳ ಕೈ ತನ್ನ ಕೈಗಿಂತ ಮಡಿಯಾಗಿತ್ತು ಎಂದು ಹೇಳಿ ಎದ್ದು ಬಂದಳು. ಆ ಮಾತು ಅಲ್ಲಿಗೇ ನಿಂತುಹೋಯಿತು.

ಆಕೆ ಒಳಗಿದ್ದಾಗ ಮೀನು ಮಾರಲು ಮೌನಪ್ಪನೇ ಹೋಗಿದ್ದ. ಅವನಿಗೆ ಕೂಗಿ ಮಾರುವುದು ಗೊತ್ತಿಲ್ಲ. ಬುಟ್ಟಿ ಮುಂದಿಟ್ಟುಕೊಂಡು ತಲೆ ತಗ್ಗಿಸಿ ಕುಳಿತಿರುತ್ತಿದ್ದ. ಸಂತೆಯ ಹೆಂಗಸರು ಕನಿಕರಪಟ್ಟು ತಾವೇ ಕೂಗಿ ಅವನ ಮೀನನ್ನು ಮಾರಿಕೊಟ್ಟರು. ಇಷ್ಟು ವರ್ಷ ಹೆಂಡತಿ ಏನು ಮಾಡಿಕೊಂಡು ಬರುತ್ತಿದ್ದಳು ಎಂಬುದು ಅವನಿಗೆ ತಿಳಿದದ್ದು ಆಗ. ಆಕೆ ಬಂದ ದಿನ ಅವನು ಹೊಳೆಯಿಂದ ಬಿಂದಿಗೆಯಲ್ಲಿ ನೀರು ತಂದು, ಕಾಸಿ, ಕಾಲಿಗೆ ಹಾಕಿದ.

ರೈಲು ಮಾತ್ರ ಜಾಲಿಮರದ ಹತ್ತಿರ ನಿಲ್ಲುತ್ತಿರಲಿಲ್ಲ. ಖಾಜಾಹುಸೇನ ಸೀಟಿ ಹೊಡೆದು ಹಾಯುತ್ತಿದ್ದ. ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ಆಳುಗಳು ಬಂದು ಏರಿಯ ಪಕ್ಕ ನೆಲ ಸಮ ಮಾಡಿ, ಕಲ್ಲು ಹಾಸಿ, ಒಂದು ಹಲಗೆ ನೆಟ್ಟರು. ವಿಚಾರಣೆಯ ಸಾಹೇಬರೇ ಶಿಫಾರಸು ಮಾಡಿದ್ದರಂತೆ. ಕಟ್ಟಡವಿಲ್ಲ, ಮಾಸ್ತರನಿಲ್ಲ. ಒಂದು ಕಂದೀಲು, ಒಂದು ಕಲ್ಲುಬೆಂಚು, ಉರ್ದು, ಕನ್ನಡ, ಇಂಗ್ಲಿಷಿನಲ್ಲಿ ಊರಿನ ಹೆಸರು. ಮಲ್ಲಿಕಮ್ಮ ಓದು ಬಲ್ಲವಳಲ್ಲ. ಹಲಗೆಯ ಮುಂದೆ ನಿಂತು, ನಮ್ಮ ಊರು ಇಷ್ಟುದ್ದ ಇದೆಯೇ ಎಂದು ಪರಮಣ್ಣನನ್ನು ಕೇಳಿದಳು. ಸರಕಾರ ಅದನ್ನು ಬೆಣಚಿಹಾಳ ಹಾಲ್ಟ್ ಎಂದು ಕರೆಯಿತು. ಹೊಳೆಯ ಎರಡೂ ದಂಡೆಯ ಜನ ಅದನ್ನು ಮಲ್ಲಿಕಮ್ಮನ ಠೇಸಣ ಎಂದರು.

ಹತ್ತು ವರ್ಷ ಆ ಠೇಸಣ ಚೆನ್ನಾಗಿ ನಡೆಯಿತು. ಹಣಮಂತಮ್ಮ ಮದುವೆಯಾಗಿ ಮಡ್ಡಿಬೇವಿಗೆ ಹೋದದ್ದು ಅದೇ ರೈಲಿನಲ್ಲಿ, ಮೊದಲ ಹೆರಿಗೆಗೆ ಬಂದದ್ದೂ ಅದರಲ್ಲೇ. ಆದರೆ ಸೇತುವೆ ಆಗಲಿಲ್ಲ. ಹೊಳೆ ದಾಟಿಸುವ ತಾಪತ್ರಯ ಬೇಡವೆಂದು ಶಹಾಪುರ, ಸುರಪುರದ ವ್ಯಾಪಾರಿಗಳು ಒಬ್ಬೊಬ್ಬರಾಗಿ ತಮ್ಮ ಹತ್ತಿಯನ್ನು ಮೋಟಾರು ಲಾರಿಗಳಲ್ಲಿ ಬೇರೆ ದಾರಿಯಿಂದ ಕಳಿಸತೊಡಗಿದರು. ದಿನಕ್ಕೆ ಎರಡು ಸಲ ಬರುತ್ತಿದ್ದ ರೈಲು ಒಂದು ಸಲಕ್ಕೆ ಇಳಿಯಿತು. ಅಷ್ಟರಲ್ಲಿ ದೂರದ ದೇಶಗಳಲ್ಲಿ ಲಡಾಯಿ ಶುರುವಾಗಿತ್ತು. ಲಡಾಯಿಗೆ ಕಬ್ಬಿಣ ಬೇಕಾಗಿದೆ, ಹೆಚ್ಚು ನಡೆಯದ ಹಾದಿಗಳ ಹಳಿ ಕೀಳುತ್ತಾರೆ ಎಂಬ ಸುದ್ದಿ ಬಂತು.

ಕೀಳುವ ಕೆಲಸ ಹುಲಿಗಡ್ಡಿಯಿಂದ ಮೊದಲಾಯಿತು. ಕೊನೆಯ ಹಳಿ ಕಿತ್ತು ರೈಲಿಗೆ ಹೇರುವುದು, ರೈಲು ಒಂದಷ್ಟು ಹಿಂದೆ ಸರಿಯುವುದು, ಮತ್ತೆ ಎದುರಿನ ಹಳಿ ಕಿತ್ತು ಹೇರುವುದು. ರೈಲು ತಾನು ಬಂದ ಹಾದಿಯನ್ನು ತಾನೇ ಮಡಚಿಕೊಂಡು ಹೋಗುವುದನ್ನು ಜನ ಹೊಲಗಳಲ್ಲಿ ನಿಂತು ನೋಡಿದರು. ಆ ರೈಲಿನ ಡ್ರೈವರ್ ಖಾಜಾಹುಸೇನನೇ. ಬೆಣಚಿಹಾಳದ ಹಲಗೆ ಕಿತ್ತ ದಿನ ಮಲ್ಲಿಕಮ್ಮ ಮನೆಯಲ್ಲಿ ಕೂರಲಿಲ್ಲ, ಅಳಲೂ ಇಲ್ಲ. ಹೆಂಗಸರನ್ನು ಸೇರಿಸಿ ರೊಟ್ಟಿ, ಮೀನಿನ ಸಾರು ಮಾಡಿಸಿ, ಹಳಿ ಕೀಳುವ ಕೂಲಿಯವರಿಗೆಲ್ಲ ಜಾಲಿಮರದ ಕೆಳಗೆ ಉಣಬಡಿಸಿದಳು. ಖಾಜಾಹುಸೇನ ರೊಟ್ಟಿ ಮುರಿದು ಹಾಗೇ ಕೈಯಲ್ಲಿ ಹಿಡಿದು ಕುಳಿತಿದ್ದ. ಆಕೆ ಅವನ ಎದುರು ಕುಳಿತಳು.

“ತಂಗಿ, ನಿನ್ನ ಠೇಸಣ ನನ್ನ ಕೈಲೇ ಕೀಳಸಾಕತ್ತಾರ ನೋಡು,” ಎಂದ ಅವನು.

“ಹಳಿ ಅವರದು, ಒಯ್ಲಿ ಬಿಡ್ರಿ ಸಾಬ್ರ. ಏರಿ ನಾವು ಹೊತ್ತು ಹಾಕಿದ್ದು. ಅದನ್ನ ಯಾವ ರೈಲಿನ್ಯಾಗೂ ಹೇರಾಕ ಆಗಾಂಗಿಲ್ಲ.”

ಎಲ್ಲರೂ ಹೋದದ್ದು ಹೋಯಿತು ಎಂದು ಕುಳಿತಿದ್ದಾಗ ಆಕೆ ಕಂಡದ್ದು ಇದನ್ನೇ. ಹಳಿ ಹೋದರೂ ಜಲ್ಲಿ ತುಂಬಿದ ಏರಿ ಉಳಿದಿತ್ತು, ಎಂಥ ಮಳೆಗೂ ಅದರ ಮೇಲೆ ಕೆಸರಾಗುತ್ತಿರಲಿಲ್ಲ. ಕೊರತೆ ಒಂದೇ, ಹಳ್ಳದ ಮೇಲಿನ ಕಬ್ಬಿಣದ ತೊಲೆಗಳನ್ನೂ ಒಯ್ದಿದ್ದರು. ಕಲ್ಲಿನ ಕಂಬಗಳು ಮಾತ್ರ ನಿಂತಿದ್ದವು. ಬೆಣಚಿಹಾಳದವರೂ ಕರೇಕಟ್ಟಿಯವರೂ ಕೂಡಿ ಬೇವಿನ ದಿಮ್ಮಿಗಳನ್ನು ಕಡಿದು ಕಂಬದಿಂದ ಕಂಬಕ್ಕೆ ಹಾಸಿದರು. ಕರೇಕಟ್ಟಿಗೆ ಹೋಗಿ ಮನೆಮನೆಯ ಮುಂದೆ ನಿಂತು ಗಂಡಸರನ್ನು ಎಬ್ಬಿಸಿ ಕರೆತಂದವಳು ಮಲ್ಲಿಕಮ್ಮ. ಆಮೇಲೆ ಹೆಂಗಸರು ಬುಟ್ಟಿ ಹೊತ್ತು ಏರಿಯ ಮೇಲೆ ಸಾಲಾಗಿ ಯಾದಗಿರಿಗೆ ನಡೆದರು. ರೈಲಿನಷ್ಟು ಬೇಗ ಅಲ್ಲ, ಆದರೆ ಮೀನು ಕೆಡುವ ಮುಂಚೆ ಮುಟ್ಟುತ್ತಿದ್ದರು.

ಎರಡನೆಯ ಮಳೆಗಾಲದಲ್ಲಿ ಇನ್ನೊಂದು ಸಂಕಟ ಬಂತು. ಏರಿಯ ಪಕ್ಕದ ಹೊಲದ ಒಡೆಯ ಮಲ್ಕಪ್ಪಗೌಡ ಆಳುಗಳನ್ನು ಹಚ್ಚಿ ಏರಿ ಕಡಿಯತೊಡಗಿದ. ಏರಿಯಿಂದಾಗಿ ತನ್ನ ಹೊಲದಲ್ಲಿ ನೀರು ನಿಂತು ತೊಗರಿ ಕೊಳೆಯುತ್ತಿದೆ, ರೈಲೇ ಇಲ್ಲದ ಮೇಲೆ ಏರಿ ಯಾಕೆ ಎಂಬುದು ಅವನ ವಾದ. ಹೆಂಗಸರು ಸಿಟ್ಟಿನಿಂದ ಕೂಗಾಡಿದರು. ಮಲ್ಲಿಕಮ್ಮ ಹೊಲಕ್ಕಿಳಿದು ನೋಡಿದಳು. ನೀರು ನಿಂತದ್ದು ನಿಜ, ತೊಗರಿ ಕೊಳೆತದ್ದೂ ನಿಜ. ಏರಿ ಹಾಕುವಾಗ ಅಲ್ಲೊಂದು ಕಲ್ಲಿನ ಮೋರಿ ಇಟ್ಟದ್ದು ಆಕೆಗೆ ನೆನಪಿತ್ತು. ಹೂಳು ತುಂಬಿ ಅದು ಕಣ್ಣಿಗೇ ಬೀಳದಂತಾಗಿತ್ತು. ಗೌಡರೇ, ಒಂದು ದಿನ ಕೊಡಿ ಎಂದು ಕೇಳಿಕೊಂಡಳು. ಅವತ್ತು ಯಾರೂ ಸಂತೆಗೆ ಹೋಗಲಿಲ್ಲ. ಹೆಂಗಸರು ಸೊಂಟದ ತನಕ ಕೆಸರಿನಲ್ಲಿ ನಿಂತು ಬುಟ್ಟಿಬುಟ್ಟಿಯಾಗಿ ಹೂಳು ತೆಗೆದರು. ಸಂಜೆಗೆ ಮೋರಿಯ ಬಾಯಿ ತೆರೆದುಕೊಂಡು ನೀರು ಸದ್ದು ಮಾಡುತ್ತಾ ಆಚೆ ಹರಿಯಿತು. ಮಲ್ಕಪ್ಪಗೌಡ ನೋಡುತ್ತಾ ನಿಂತಿದ್ದ. ಕಡಿದದ್ದು ಸಾಕು, ಗುದ್ದಲಿ ಎತ್ತಿಕೊಳ್ಳಿರಿ ಎಂದು ಆಳುಗಳಿಗೆ ಹೇಳಿದ. ಕಡಿದ ಕಡೆ ಮಣ್ಣು ತುಂಬಲು ತನ್ನ ಗಾಡಿಯನ್ನೇ ಕೊಟ್ಟ.

ಅಂದಿನಿಂದ ಅದೊಂದು ರೂಢಿಯಾಯಿತು. ಮಳೆ ಹಿಡಿಯುವ ಮುಂಚೆ ಏರಿಯ ಗುಂಟ ಇರುವ ಊರುಗಳವರು ತಮ್ಮ ತಮ್ಮ ಸೀಮೆಯ ಮೋರಿಗಳ ಹೂಳು ತೆಗೆದು, ಕುಸಿದ ಕಡೆ ಗರಸು ಮಣ್ಣು ಹಾಕುತ್ತಿದ್ದರು. ಮೊದಮೊದಲು ಮಲ್ಲಿಕಮ್ಮ ಕರೆಯಬೇಕಾಗುತ್ತಿತ್ತು. ಆಮೇಲೆ ಯಾರೂ ಕರೆಯಬೇಕಿರಲಿಲ್ಲ.

ಹುಲಿಗಡ್ಡಿಯ ಠೇಸಣದಲ್ಲಿ ಕುರಿಗಳು ಮಲಗುತ್ತಿದ್ದವು. ಕರೇಕಟ್ಟಿಯದರ ಹೆಂಚನ್ನು ಜನ ಒಯ್ದಿದ್ದರು. ಮಡ್ಡಿಬೇವಿನದು ಮಾತ್ರ ಅಂಗಡಿಯಾಗಿ ಉಳಿದುಕೊಂಡಿತು. ನೌಕರಿ ಮುಗಿದ ಮೇಲೆ ಖಾಜಾಹುಸೇನ ಒಂದು ಸಲ ಮದೀನಾಬೀಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಆ ಏರಿಯ ಮೇಲೆಯೇ ಬೆಣಚಿಹಾಳಕ್ಕೆ ಬಂದ. ಎಲ್ಲೆಲ್ಲಿ ಏರು, ಎಲ್ಲೆಲ್ಲಿ ತಿರುವು ಎಂದು ದಾರಿಯುದ್ದಕ್ಕೂ ಗಾಡಿಯವನಿಗೆ ಹೇಳುತ್ತಾ ಬಂದನಂತೆ. ಹೆಂಗಸರಿಬ್ಬರೂ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದರು. ಮೌನಪ್ಪ ಮತ್ತು ಖಾಜಾಹುಸೇನ, ಇಬ್ಬರೂ ಮಾತು ಕಡಿಮೆಯವರು, ಹೊಳೆಯ ಕಡೆ ಮುಖ ಮಾಡಿ ಸುಮ್ಮನೆ ಕುಳಿತಿದ್ದರು.

ನಿಜಾಮರ ಆಳಿಕೆ ಮುಗಿಯುವ ಹೊತ್ತಿಗೆ ಮಲ್ಲಿಕಮ್ಮನ ತಲೆ ಪೂರ್ತಿ ನರೆತಿತ್ತು. ಲೂಟಿ, ಗಲಭೆಗಳಿಂದ ಹಾದಿಗಳ ಮೇಲೆ ಭಯ ಹಬ್ಬಿದ್ದ ಆ ದಿನಗಳಲ್ಲಿ ಆಕೆ ಸಾಲಿನ ಮುಂದೆ ತಾನು ನಡೆಯುತ್ತಿದ್ದಳು, ಎಳೆಯ ಹೆಣ್ಣುಮಕ್ಕಳನ್ನು ನಡುವೆ ಇಟ್ಟುಕೊಳ್ಳುತ್ತಿದ್ದಳು. ಆ ಮಳೆಗಾಲದಲ್ಲೂ ಬೆಣಚಿಹಾಳದ ಮೀನು ಯಾದಗಿರಿಗೆ ತಪ್ಪಲಿಲ್ಲ.